ಸ್ವತಂತ್ರ ಗುತ್ತಿಗೆದಾರರಾಗುವಾಗ ವ್ಯವಹಾರದ ಸ್ವರೂಪವನ್ನು ಆರಿಸಿಕೊಳ್ಳುವುದು ಹೇಗೆ?

ಸಂಬಳದ ಕೆಲಸ ಬಿಟ್ಟು, ತಮ್ಮ ಪರಿಣತಿಯನ್ನೇ ನೆಚ್ಚಿಕೊಂಡು ಸ್ವತಂತ್ರವಾಗಿ ಗುತ್ತಿಗೆ ಹಿಡಿಯಲು ಹೊರಟವರನ್ನು ಮೊದಲು ಕಾಡುವುದು ಕಂಪನಿ ನೋಂದಾಯಿಸಬೇಕೇ ಎಂಬ ಪ್ರಶ್ನೆ. ನೋಂದಣಿ ಮಾಡಿಸಿಕೊಡುತ್ತೇವೆ ಎನ್ನುವ ಜಾಹೀರಾತುಗಳು ಎಲ್ಲೆಡೆ ಕಾಣುತ್ತವೆ, ಹೆಸರಿನ ಕೊನೆಯಲ್ಲಿ ‘ಪ್ರೈವೇಟ್ ಲಿಮಿಟೆಡ್’ ಎಂದಿದ್ದರೆ ತೂಕ ಹೆಚ್ಚು ಎಂಬ ಭಾವನೆಯೂ ಇದೆ. ಹೀಗಾಗಿ ಅನೇಕರು ಮೊದಲ ಬಿಲ್ ಬರೆಯುವುದಕ್ಕೂ ಮುಂಚೆ ಕಂಪನಿ ಮಾಡಿಕೊಂಡು, ಆದಾಯವೇ ಇಲ್ಲದ ವರ್ಷದಲ್ಲೂ ಲೆಕ್ಕಪರಿಶೋಧನೆಯ ಶುಲ್ಕ ಕಟ್ಟುತ್ತಾರೆ. ಇನ್ನು ಕೆಲವರು ದೊಡ್ಡ ಮೊತ್ತದ ನಷ್ಟಭರ್ತಿ ಷರತ್ತುಗಳಿರುವ ಒಪ್ಪಂದಕ್ಕೆ ಯಾವ ರಕ್ಷಣೆಯೂ ಇಲ್ಲದೆ ಸ್ವಂತ ಹೆಸರಿನಲ್ಲಿ ಸಹಿ ಹಾಕಿ, ತಿಳಿಯದೆಯೇ ತಮ್ಮ ಮನೆಮಠವನ್ನು ಪಣಕ್ಕಿಟ್ಟಿರುತ್ತಾರೆ. ಎರಡೂ ಕಡೆ ಆಗಿರುವುದು ಒಂದೇ: ಸ್ವರೂಪವನ್ನು ಮೊದಲು ಆರಿಸಿ, ಕೆಲಸದ ಗುಣವನ್ನು ಆಮೇಲೆ ನೋಡಿದ್ದಾರೆ.

ಈ ಬರಹ ಭಾರತದ ಕಾನೂನಿಗೆ ಸೀಮಿತವಾಗಿದೆ. ತಂತ್ರಾಂಶ ತಜ್ಞರು, ಎಂಜಿನಿಯರುಗಳು, ವಿನ್ಯಾಸಕಾರರು, ತಾಂತ್ರಿಕ ಸಲಹೆಗಾರರು ಹೀಗೆ ಹೆಚ್ಚಿನ ಬಂಡವಾಳವಿಲ್ಲದೆ ಕೌಶಲವನ್ನೇ ಮಾರುವವರನ್ನು ಗಮನದಲ್ಲಿಟ್ಟುಕೊಂಡು ಇದನ್ನು ಬರೆದಿದೆ. ತೆರಿಗೆಯ ದರಗಳೆಲ್ಲ 2025–26ನೇ ಹಣಕಾಸು ವರ್ಷದ ಹೊಸ ಪದ್ಧತಿಯವು. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬರುವುದರಿಂದ ಕಲಮುಗಳ ಸಂಖ್ಯೆ ಬದಲಾಗುತ್ತದೆ. ಆದರೂ ವೃತ್ತಿನಿರತರ ಬಾಯಲ್ಲಿ ಹಳೆಯ ಸಂಖ್ಯೆಗಳೇ ನೆಲೆಸಿರುವ ಕಾರಣ ಇಲ್ಲಿಯೂ ಅವನ್ನೇ ಬಳಸಿದ್ದೇನೆ.

ಮೊದಲು ಒಪ್ಪಂದವನ್ನು ಓದಿ

ಸ್ವರೂಪದ ಪ್ರಶ್ನೆಗೂ ಮೊದಲು ಕೇಳಿಕೊಳ್ಳಬೇಕಾದದ್ದು, ನೀವು ನಿಜವಾಗಿಯೂ ಸ್ವತಂತ್ರರೇ ಎಂಬುದನ್ನು. ಹಿಂದಿನ ಸಂಸ್ಥೆಯೇ ನಿಮ್ಮನ್ನು ಸಲಹೆಗಾರರೆಂದು ಕರೆದು, ಅದೇ ಮೇಜು, ಅದೇ ಸಮಯ, ಅದೇ ಮೇಲಧಿಕಾರಿಯ ಕೆಳಗೆ ಕೂರಿಸಿದರೆ, ಕಾಗದದ ಮೇಲೆ ಬರೆದ ಹೆಸರು ಬದಲಾದ ಮಾತ್ರಕ್ಕೆ ಸಂಬಂಧ ಬದಲಾಗುವುದಿಲ್ಲ. ಸುಪ್ರೀಂ ಕೋರ್ಟ್ 1957ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ, ತಯಾರಿಸಿದ ಉಪ್ಪಿನ ಪ್ರಮಾಣಕ್ಕೆ ತಕ್ಕಂತೆ ಹಣ ಪಡೆಯುತ್ತಿದ್ದ, ಸಹಾಯಕ್ಕೆ ತಾವೇ ಕೂಲಿಯಾಳುಗಳನ್ನು ಇಟ್ಟುಕೊಳ್ಳುತ್ತಿದ್ದ ಉಪ್ಪಿನ ಕೆಲಸಗಾರರನ್ನೂ ಸಂಸ್ಥೆಯ ಕಾರ್ಮಿಕರೆಂದೇ ಪರಿಗಣಿಸಿತು. ಏನು ಮಾಡಬೇಕೆಂಬುದರ ಜೊತೆಗೆ ಹೇಗೆ ಮಾಡಬೇಕೆಂಬುದನ್ನೂ ಸಂಸ್ಥೆಯೇ ನಿಯಂತ್ರಿಸುತ್ತಿದ್ದದ್ದು ಅದಕ್ಕೆ ಕಾರಣ. ಮುಂದೆ 1974ರ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ನಿಯಂತ್ರಣವೊಂದೇ ಒರೆಗಲ್ಲಲ್ಲ, ಸಲಕರಣೆ ಯಾರದ್ದು, ಕೆಲಸವನ್ನು ತಿರಸ್ಕರಿಸುವ ಹಕ್ಕು ಯಾರಿಗಿದೆ ಎಂಬುದನ್ನೂ ನೋಡಬೇಕೆಂದು ಹೇಳಿತು.

ಆದ್ದರಿಂದ ಒಪ್ಪಂದದ ಕರಡನ್ನು ಕೈಯಲ್ಲಿಟ್ಟುಕೊಂಡು ಕೆಲವು ವಿಷಯಗಳನ್ನು ಹುಡುಕಿ. ಬೇರೆ ಗ್ರಾಹಕರ ಕೆಲಸ ಮಾಡಲು ಅನುಮತಿ ಇದೆಯೇ, ಹಣ ಕೊಡುವುದು ಕೆಲಸದ ಹಂತಕ್ಕೋ ತಿಂಗಳಿಗೋ, ನಿಮ್ಮ ಬದಲು ಅರ್ಹರಾದ ಇನ್ನೊಬ್ಬರನ್ನು ಕಳುಹಿಸಬಹುದೇ, ಲ್ಯಾಪ್‌ಟಾಪ್ ಮತ್ತು ತಂತ್ರಾಂಶದ ಪರವಾನಗಿ ಯಾರದ್ದು, ರಜೆಗೆ ಯಾರ ಒಪ್ಪಿಗೆ ಬೇಕು? ಉತ್ತರಗಳೆಲ್ಲ ಸಂಸ್ಥೆಯ ಕಡೆಗೇ ವಾಲಿದರೆ ನೀವು ಮಾಡುತ್ತಿರುವುದು ನೌಕರಿ, ಅದೂ ಭವಿಷ್ಯನಿಧಿ ಮತ್ತು ಉಪದಾನ (ಗ್ರಾಚ್ಯುಟಿ) ಇಲ್ಲದ ನೌಕರಿ. ಅಂಥ ಹಣವನ್ನು ತೆರಿಗೆ ಇಲಾಖೆಯೂ ವೃತ್ತಿಯ ಆದಾಯವೆಂದು ಒಪ್ಪದೆ ಸಂಬಳವೆಂದು ಪರಿಗಣಿಸುವ ಸಾಧ್ಯತೆ ಇರುತ್ತದೆ. ಈ ದೋಷವನ್ನು ಯಾವ ಕಂಪನಿಯ ನೋಂದಣಿಯೂ ಸರಿಪಡಿಸುವುದಿಲ್ಲ. ಸರಿಪಡಿಸಬೇಕಾದದ್ದು ಒಪ್ಪಂದವನ್ನು.

ಏಕಮಾಲೀಕ ವ್ಯವಹಾರ: ಆರಂಭಿಸುವ ಬಹುಪಾಲು ಜನರಿಗೆ ಇದೇ ಸರಿ

ಏಕಮಾಲೀಕ ವ್ಯವಹಾರಕ್ಕೆಂದು ಪ್ರತ್ಯೇಕ ಕಾಯ್ದೆ ಇಲ್ಲ, ಅದನ್ನು ಹುಟ್ಟುಹಾಕುವ ನೋಂದಣಿಯೂ ಇಲ್ಲ. ಕೆಲಸ ಆರಂಭಿಸಿದ ದಿನವೇ ಅದು ಅಸ್ತಿತ್ವಕ್ಕೆ ಬರುತ್ತದೆ. ನಿಮ್ಮ ಪ್ಯಾನ್ ಸಂಖ್ಯೆಯೇ ಅದರ ಪ್ಯಾನ್, ನಿಮ್ಮ ಆದಾಯ ತೆರಿಗೆ ವಿವರಪಟ್ಟಿಯೇ ಅದರ ವಿವರಪಟ್ಟಿ. ವ್ಯಾಪಾರದ ಹೆಸರೊಂದನ್ನು ಇಟ್ಟುಕೊಳ್ಳಬಹುದು, ಆದರೆ ಕಾನೂನಿನ ಕಣ್ಣಿಗೆ ಆ ಹೆಸರಿನ ಹಿಂದೆ ಬೇರೆ ವ್ಯಕ್ತಿ ಇಲ್ಲ. ಸಾಲ, ನಷ್ಟ, ದಾವೆ ಎಲ್ಲವೂ ನೇರವಾಗಿ ನಿಮ್ಮವು.

ಸ್ವಂತ ಹೆಸರಿನಲ್ಲೇ ಬಿಲ್ ಮಾಡುವುದಾದರೆ ಪ್ರತ್ಯೇಕ ಉಳಿತಾಯ ಖಾತೆಯೊಂದರಿಂದ ಲೆಕ್ಕವನ್ನು ಬೇರ್ಪಡಿಸಿಕೊಳ್ಳಲು ಆರಂಭಿಸಬಹುದು. ವ್ಯಾಪಾರದ ಹೆಸರಿನಲ್ಲಿ ಚಾಲ್ತಿ ಖಾತೆ ಬೇಕಾದರೆ, ರಿಸರ್ವ್ ಬ್ಯಾಂಕಿನ ಗ್ರಾಹಕ ಗುರುತು ನಿಯಮಗಳ ಪ್ರಕಾರ, ವ್ಯವಹಾರ ಆ ಹೆಸರಿನಲ್ಲಿ ನಡೆಯುತ್ತಿದೆ ಎನ್ನುವುದಕ್ಕೆ ಸಾಮಾನ್ಯವಾಗಿ ಎರಡು ದಾಖಲೆಗಳನ್ನು ಕೇಳುತ್ತಾರೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪ್ರಮಾಣಪತ್ರ, ಜಿಎಸ್‌ಟಿ ನೋಂದಣಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ಪರವಾನಗಿ ಇವುಗಳಲ್ಲಿ ಎರಡಿದ್ದರೆ ಸಾಕು.

ಜಿಎಸ್‌ಟಿ ನೋಂದಣಿ ಎಲ್ಲರಿಗೂ ಮೊದಲ ದಿನದಿಂದಲೇ ಕಡ್ಡಾಯವಲ್ಲ. ಸೇವೆಗಳಿಗೆ ವಾರ್ಷಿಕ ₹20 ಲಕ್ಷದ ಮಿತಿ ಇದೆ. ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್ ಮತ್ತು ತ್ರಿಪುರಾಗಳಲ್ಲಿ ಮಾತ್ರ ಇದು ₹10 ಲಕ್ಷ. ಬೇರೆ ರಾಜ್ಯದ ಗ್ರಾಹಕರಿಗೆ ಸೇವೆ ಕೊಡುವವರಿಗೂ 2017ರ ಅಕ್ಟೋಬರ್‌ನಿಂದ ಈ ಮಿತಿಯ ವಿನಾಯಿತಿ ಸಿಗುತ್ತದೆ. ಇಲ್ಲಿ ಬಹಳ ಜನ ಎಡವುವುದು ವಿದೇಶಿ ಗ್ರಾಹಕರ ವಿಷಯದಲ್ಲಿ. ರಫ್ತಿಗೆ ತೆರಿಗೆ ಶೂನ್ಯವಾದ್ದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ ಎಂದು ಅವರು ಭಾವಿಸುತ್ತಾರೆ. ಆದರೆ ₹20 ಲಕ್ಷದ ಮಿತಿಯನ್ನು ಅಳೆಯುವಾಗ ಒಂದೇ ಪ್ಯಾನ್‌ನಡಿ ಬಂದ ಒಟ್ಟು ವಹಿವಾಟನ್ನು ನೋಡಲಾಗುತ್ತದೆ, ರಫ್ತೂ ಅದರಲ್ಲಿ ಸೇರುತ್ತದೆ. ಮಿತಿ ದಾಟಿದ ಮೇಲೆ ನೋಂದಣಿ ಮಾಡಿಸಿ, ಎಲ್‌ಯುಟಿ ಎಂದು ಕರೆಯುವ ಮುಚ್ಚಳಿಕೆಯನ್ನು ಪ್ರತಿವರ್ಷ ಸಲ್ಲಿಸಿದರೆ ರಫ್ತಿನ ಬಿಲ್ಲಿಗೆ ತೆರಿಗೆ ಕಟ್ಟದೆಯೇ ವ್ಯವಹಾರ ನಡೆಸಬಹುದು.

ಏಕಮಾಲೀಕರಿಗೆ ಇರುವ ದೊಡ್ಡ ಅನುಕೂಲ 44ಎಡಿಎ ಕಲಮಿನ ಅಂದಾಜು ಆದಾಯ ಪದ್ಧತಿ. ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಲೆಕ್ಕಪತ್ರ, ತಾಂತ್ರಿಕ ಸಲಹೆ, ಒಳಾಂಗಣ ವಿನ್ಯಾಸ, ಜೊತೆಗೆ ಅಧಿಸೂಚನೆಯ ಮೂಲಕ ಸೇರಿದ ಮಾಹಿತಿ ತಂತ್ರಜ್ಞಾನದಂಥ ಕೆಲವು ವೃತ್ತಿಗಳಲ್ಲಿ ಇರುವವರ ವಾರ್ಷಿಕ ವೃತ್ತಿ ಸ್ವೀಕೃತಿ ₹50 ಲಕ್ಷದೊಳಗಿದ್ದರೆ, ಅದರ ಶೇ 50ರಷ್ಟನ್ನು ಆದಾಯವೆಂದು ತೋರಿಸಬಹುದು. ನಗದಾಗಿ ಬಂದದ್ದು ಶೇ 5ನ್ನು ಮೀರದಿದ್ದರೆ ಈ ಮಿತಿ ₹75 ಲಕ್ಷ. ಗಳಿಕೆ ಅದಕ್ಕಿಂತ ಹೆಚ್ಚೆಂದು ನೀವೇ ತೋರಿಸಿಕೊಂಡರೆ ಆ ಹೆಚ್ಚಿನ ಮೊತ್ತಕ್ಕೆ ತೆರಿಗೆ ಬೀಳುತ್ತದೆ. ವಿವರವಾದ ಲೆಕ್ಕಪುಸ್ತಕವಾಗಲಿ ಲೆಕ್ಕಪರಿಶೋಧನೆಯಾಗಲಿ ಬೇಕಿಲ್ಲ, ಮುಂಗಡ ತೆರಿಗೆಯನ್ನೂ ನಾಲ್ಕು ಕಂತುಗಳ ಬದಲು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಬಹುದು. ಶೇ 50ಕ್ಕಿಂತ ಕಡಿಮೆ ತೋರಿಸಿದರೆ, ಮತ್ತು ಒಟ್ಟು ಆದಾಯ ತೆರಿಗೆ ವಿನಾಯಿತಿಯ ಮಿತಿಯನ್ನು ದಾಟಿದ್ದರೆ, ಲೆಕ್ಕಪುಸ್ತಕವೂ ಪರಿಶೋಧನೆಯೂ ಕಡ್ಡಾಯವಾಗುತ್ತವೆ. ನಿಮ್ಮ ಕೆಲಸ ಈ ಪಟ್ಟಿಯಲ್ಲಿ ಸೇರುತ್ತದೆಯೋ ಇಲ್ಲವೋ ಎಂಬುದನ್ನು ಅಂದಾಜಿನ ಮೇಲೆ ಬಿಡದೆ, ಲೆಕ್ಕಪರಿಶೋಧಕರಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಪಟ್ಟಿಯ ಹೊರಗಿನ ಕೆಲಸಗಳಿಗೆ 44ಎಡಿ ಎಂಬ ಬೇರೆ ಕಲಮು ಇದೆ, ಅದರ ಶೇಕಡಾವಾರು ಮತ್ತು ಷರತ್ತುಗಳು ಬೇರೆ.

ಲೆಕ್ಕ ಹಾಕಿ ನೋಡೋಣ

ವರ್ಷಕ್ಕೆ ₹30 ಲಕ್ಷ ಬಿಲ್ ಮಾಡುವ, ಹಣವೆಲ್ಲ ಬ್ಯಾಂಕಿನ ಮೂಲಕವೇ ಬರುವ ತಂತ್ರಾಂಶ ಸಲಹೆಗಾರ್ತಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಅವರ ವಾಸ್ತವ ಖರ್ಚು ₹4 ಲಕ್ಷ. ಏಕಮಾಲೀಕರಾಗಿ 44ಎಡಿಎ ಪದ್ಧತಿಯಲ್ಲಿ ಅವರು ₹15 ಲಕ್ಷ ಆದಾಯ ತೋರಿಸಿದರೆ, ಶೇ 4ರ ಸೆಸ್ ಸೇರಿ ತೆರಿಗೆ ₹1,09,200. ಅದೇ ವ್ಯಕ್ತಿ ಲೆಕ್ಕಪುಸ್ತಕ ಇಟ್ಟು ₹26 ಲಕ್ಷ ವಾಸ್ತವ ಲಾಭ ತೋರಿಸಿದರೆ ₹3,74,400 ಆಗುತ್ತದೆ.

ಇನ್ನು ಅವರು ಮನೆಯವರೊಬ್ಬರನ್ನು ಹೆಸರಿಗೆ ಪಾಲುದಾರರನ್ನಾಗಿ ಸೇರಿಸಿಕೊಂಡು ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಮಾಡಿಕೊಂಡರು ಎನ್ನಿ. ಎಲ್‌ಎಲ್‌ಪಿಗೆ 44ಎಡಿಎ ಅನ್ವಯಿಸುವುದಿಲ್ಲ. ದುಡಿಯುವ ಪಾಲುದಾರರ ಸಂಭಾವನೆಯನ್ನು ಮೊದಲ ₹6 ಲಕ್ಷ ಲಾಭದ ಶೇ 90, ಉಳಿದ ಲಾಭದ ಶೇ 60ರವರೆಗೆ ಖರ್ಚೆಂದು ಕಳೆಯಬಹುದಾದ್ದರಿಂದ, ₹26 ಲಕ್ಷ ಲಾಭದಲ್ಲಿ ₹17.4 ಲಕ್ಷ ಸಂಭಾವನೆಯಾಗಿ ಹೋಗುತ್ತದೆ. ಉಳಿದ ₹8.6 ಲಕ್ಷಕ್ಕೆ ಎಲ್‌ಎಲ್‌ಪಿ ಸೆಸ್ ಸೇರಿ ಶೇ 31.2ರ ದರದಲ್ಲಿ ₹2,68,320 ಕಟ್ಟುತ್ತದೆ. ಸಂಭಾವನೆಯ ಮೇಲೆ ಆಕೆ ಸ್ವತಃ ₹1,53,920 ಕಟ್ಟುತ್ತಾರೆ. ಒಟ್ಟು ₹4,22,240. ಇಬ್ಬರೂ ನಿಜವಾಗಿ ದುಡಿಯುವ ಪಾಲುದಾರರಾಗಿದ್ದು ಸಂಭಾವನೆಯನ್ನು ಹಂಚಿಕೊಂಡರೆ ಈ ಮೊತ್ತ ಇಳಿಯುತ್ತದೆ, ಆದರೆ ದುಡಿಯದವರ ಹೆಸರಿನಲ್ಲಿ ಸಂಭಾವನೆ ತೋರಿಸುವುದು ಕಾನೂನಿಗೆ ಒಪ್ಪಿತವಲ್ಲ.

ಕಂಪನಿಯಾದರೆ? ₹26 ಲಕ್ಷವನ್ನೂ ನಿರ್ದೇಶಕರ ಸಂಬಳವಾಗಿ ತೆಗೆದುಕೊಂಡು ₹75,000 ಪ್ರಮಾಣಿತ ಕಡಿತ ಕಳೆದರೆ ತೆರಿಗೆ ₹3,51,000, ಪರಿಶೋಧನೆ ಮತ್ತು ಸಲ್ಲಿಕೆಗಳ ಖರ್ಚು ಬೇರೆ. ಸಂಬಳ ತೆಗೆದುಕೊಳ್ಳದೆ ಲಾಭವನ್ನು ಲಾಭಾಂಶವಾಗಿ ಹಂಚುವುದು ಇನ್ನೂ ದುಬಾರಿ. ಕಂಪನಿಗಳು ಆರಿಸಿಕೊಳ್ಳಬಹುದಾದ ಕಡಿಮೆ ದರದ 115ಬಿಎಎ ಪದ್ಧತಿಯಲ್ಲಿ ಕಂಪನಿ ಸುಮಾರು ಶೇ 25.17 ಕಟ್ಟಿದ ಮೇಲೆ, ಉಳಿದದ್ದು ಕೈಗೆ ಬಂದಾಗ ನಿಮ್ಮ ಹಂತದ ದರದಲ್ಲಿ ಮತ್ತೆ ತೆರಿಗೆ ಬೀಳುತ್ತದೆ. ಶೇ 30ರ ಹಂತದಲ್ಲಿರುವವರಿಗೆ ₹100 ಲಾಭದಲ್ಲಿ ಕೊನೆಗೆ ಉಳಿಯುವುದು ಸುಮಾರು ₹51.50.

ಈ ಅಂಕಿಗಳನ್ನು ಇಷ್ಟು ವಿವರವಾಗಿ ಕೊಟ್ಟಿರುವುದಕ್ಕೆ ಕಾರಣವಿದೆ. ‘ತೆರಿಗೆ ಉಳಿಸಲು ಕಂಪನಿ ಮಾಡಿ’ ಎಂಬ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಗಳಿಸಿದ್ದನ್ನೆಲ್ಲ ಮನೆಖರ್ಚಿಗೆ ತರುವ ಒಬ್ಬ ವೃತ್ತಿನಿರತನಿಗೆ ಅದು ಬಹುತೇಕ ತಿರುಗುಮುರುಗಾದ ಸಲಹೆ. ಕಂಪನಿಯ ದರ ಉಪಯೋಗಕ್ಕೆ ಬರುವುದು ಲಾಭದ ದೊಡ್ಡ ಪಾಲು ವರ್ಷಗಟ್ಟಲೆ ವ್ಯವಹಾರದಲ್ಲೇ ಉಳಿದು ಸಲಕರಣೆಗೋ ನೌಕರರಿಗೋ ಹೂಡಿಕೆಯಾಗುವಾಗ ಮಾತ್ರ.

ಸೀಮಿತ ಹೊಣೆ ಎಲ್ಲಿಯವರೆಗೆ ಕಾಯುತ್ತದೆ

ತೆರಿಗೆಯಲ್ಲಿ ಲಾಭವಿಲ್ಲದಿದ್ದರೂ ಸ್ವಂತ ಆಸ್ತಿಯ ರಕ್ಷಣೆಗಾದರೂ ಕಂಪನಿ ಬೇಡವೇ ಎಂಬುದು ನ್ಯಾಯವಾದ ಪ್ರಶ್ನೆ. ಎಲ್‌ಎಲ್‌ಪಿಯ ಅಥವಾ ಕಂಪನಿಯ ಸಾಲಗಳಿಗೆ ನೀವು ಹಾಕಿದ ಬಂಡವಾಳದಷ್ಟಕ್ಕೆ ಮಾತ್ರ ಬಾಧ್ಯರು ಎಂಬುದು ಮೂಲತತ್ತ್ವ. ಆದರೆ ಒಬ್ಬರೇ ದುಡಿಯುವ ವೃತ್ತಿಗಳಲ್ಲಿ ಈ ಗೋಡೆಗೆ ಬಿರುಕುಗಳಿವೆ.

ನೀವು ರೂಪಿಸಿದ ಪಾವತಿ ವ್ಯವಸ್ಥೆಯಲ್ಲಿ ದೋಷವೊಂದು ಉಳಿದು, ಗ್ರಾಹಕ ಸಂಸ್ಥೆಯ ಹಣ ತಪ್ಪು ಖಾತೆಗಳಿಗೆ ಹೋಯಿತು ಎಂದುಕೊಳ್ಳಿ. ಒಪ್ಪಂದದ ಉಲ್ಲಂಘನೆಗಾಗಿ ದಾವೆ ಹೂಡಿದರೆ ಪ್ರತಿವಾದಿ ನಿಮ್ಮ ಎಲ್‌ಎಲ್‌ಪಿ. ಆದರೆ ನಿರ್ಲಕ್ಷ್ಯ ತೋರಿದವರು ನೀವೇ ಎಂಬ ನೆಲೆಯಲ್ಲಿ ನಿಮ್ಮನ್ನೂ ವೈಯಕ್ತಿಕವಾಗಿ ಎಳೆಯಲು ಅವಕಾಶವಿದೆ. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆಯ 28ನೇ ಕಲಮು ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ಪಾಲುದಾರರು ಇನ್ನೊಬ್ಬ ಪಾಲುದಾರರ ತಪ್ಪಿಗೆ ವೈಯಕ್ತಿಕವಾಗಿ ಹೊಣೆಯಲ್ಲ, ಆದರೆ ಸ್ವಂತ ತಪ್ಪಿಗೆ ಅಥವಾ ಲೋಪಕ್ಕೆ ಇರುವ ಹೊಣೆ ಹಾಗೆಯೇ ಉಳಿಯುತ್ತದೆ. ಎಲ್ಲ ಕೆಲಸವನ್ನೂ ಒಬ್ಬರೇ ಮಾಡುವಾಗ ಎಲ್ಲ ಲೋಪವೂ ಸ್ವಂತದ್ದೇ ಅಲ್ಲವೇ? ಸಾಲದ ವಿಷಯದಲ್ಲೂ ಸ್ಥಿತಿ ಇಷ್ಟೇ. ಹೊಸ, ಸಣ್ಣ ಕಂಪನಿಗೆ ಸಾಲ ಕೊಡುವ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಖಾತರಿ ಕೇಳುವುದು ವಾಡಿಕೆ, ಆ ಕಾಗದಕ್ಕೆ ಸಹಿ ಬಿದ್ದ ಕ್ಷಣದಲ್ಲಿ ಆ ಸಾಲದ ಮಟ್ಟಿಗೆ ಸೀಮಿತ ಹೊಣೆ ಮುಗಿಯಿತು.

ಒಬ್ಬ ಗುತ್ತಿಗೆದಾರರನ್ನು ನಿಜವಾಗಿ ಕಾಯುವುದು ಎರಡು ದಾಖಲೆಗಳು. ಮೊದಲನೆಯದು ಒಪ್ಪಂದದಲ್ಲಿನ ಹೊಣೆಯ ಮಿತಿ. ‘ಗುತ್ತಿಗೆದಾರರ ಒಟ್ಟು ಹೊಣೆಯು ಈ ಒಪ್ಪಂದದಡಿ ಹಿಂದಿನ 12 ತಿಂಗಳಲ್ಲಿ ಪಾವತಿಯಾದ ಶುಲ್ಕವನ್ನು ಮೀರತಕ್ಕದ್ದಲ್ಲ’ ಎಂಬ ಒಂದು ವಾಕ್ಯ ಕಂಪನಿಯ ನೋಂದಣಿಗಿಂತ ಹೆಚ್ಚು ಕೆಲಸ ಮಾಡಬಲ್ಲದು. ಗ್ರಾಹಕರ ಕರಡಿನಲ್ಲಿ ಇದಕ್ಕೆ ಎದುರಾಗಿ ಮಿತಿಯಿಲ್ಲದ ನಷ್ಟಭರ್ತಿಯ ಷರತ್ತು ಇದೆಯೇ ಎಂದು ಹುಡುಕಿ. ಇದ್ದರೆ ಅದನ್ನು ತೆಗೆಸುವುದು ಅಥವಾ ಮಿತಿಗೊಳಪಡಿಸುವುದು ಮೊತ್ತದ ಚೌಕಾಸಿಗಿಂತ ಮುಖ್ಯ. ಎರಡನೆಯದು ವೃತ್ತಿಪರ ಹೊಣೆಗಾರಿಕೆ ವಿಮೆ. ಇಂಥ ಪಾಲಿಸಿಗಳು ಸಾಮಾನ್ಯವಾಗಿ ತಪ್ಪು ನಡೆದ ದಿನವನ್ನಲ್ಲ, ಪರಿಹಾರದ ಬೇಡಿಕೆ ಬಂದ ದಿನವನ್ನು ನೋಡುತ್ತವೆ. ಕೆಲಸ ಮುಗಿಯಿತೆಂದು ಪಾಲಿಸಿ ನಿಲ್ಲಿಸಿದರೆ ಮರುವರ್ಷ ಬರುವ ಬೇಡಿಕೆಗೆ ರಕ್ಷಣೆ ಇರುವುದಿಲ್ಲ. ಪಾಲಿಸಿ ಯಾವ ಹಿಂದಿನ ದಿನಾಂಕದಿಂದ ಅನ್ವಯಿಸುತ್ತದೆ ಎಂಬುದನ್ನೂ ಓದಿಕೊಳ್ಳಬೇಕು.

ಹಾಗಾದರೆ ಸೀಮಿತ ಹೊಣೆಯ ಸ್ವರೂಪ ಯಾರಿಗೆ ಬೇಕು? ಕೆಲಸದ ಒಂದು ಭಾಗವನ್ನು ನೌಕರರಿಗೋ ಉಪಗುತ್ತಿಗೆದಾರರಿಗೋ ವಹಿಸುವವರಿಗೆ, ಸಾಲದ ಮೇಲೆ ಸಾಮಗ್ರಿ ತರಿಸಿ ಪೂರೈಸುವವರಿಗೆ, ದೀರ್ಘಾವಧಿಯ ಬಾಡಿಗೆ ಕರಾರುಗಳಿಗೆ ಒಳಗಾಗುವವರಿಗೆ. ಇಲ್ಲಿ ನಷ್ಟ ನಿಮ್ಮ ಕೈಯಿಂದಲ್ಲದೆ ಬೇರೆಯವರ ಕೈಯಿಂದ ಅಥವಾ ಮಾರುಕಟ್ಟೆಯಿಂದ ಬರುತ್ತದೆ, ಆ ನಷ್ಟ ಮನೆಯೊಳಗೆ ಬಾರದಂತೆ ತಡೆಯುವ ಶಕ್ತಿ ಕಂಪನಿಗೂ ಎಲ್‌ಎಲ್‌ಪಿಗೂ ಇದೆ. ನನ್ನ ಮಟ್ಟಿಗೆ, ಮೊದಲ ನೌಕರರನ್ನು ನೇಮಿಸಿಕೊಳ್ಳುವ ದಿನವೇ ಸ್ವರೂಪದ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಳ್ಳಲು ಸರಿಯಾದ ದಿನ.

ಇಬ್ಬರು ಸೇರಿ ಗುತ್ತಿಗೆ ಹಿಡಿದಾಗ

ಇಬ್ಬರು ಗೆಳೆಯರು ಒಂದು ಕೆಲಸ ಹಿಡಿದು ಲಾಭ ಹಂಚಿಕೊಳ್ಳಲು ಬಾಯಿಮಾತಿನಲ್ಲೇ ಒಪ್ಪಿದರೂ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಅವರು ಪಾಲುದಾರರಾಗಿಬಿಡಬಹುದು. ಅದೇ ಕಾಯ್ದೆಯ 25ನೇ ಕಲಮಿನಂತೆ ಸಂಸ್ಥೆಯ ವ್ಯವಹಾರದಲ್ಲಿ ಒಬ್ಬರು ಮಾಡಿದ್ದಕ್ಕೆ ಇಬ್ಬರೂ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆ. ಗೆಳೆಯ ಮಾಡಿದ ಒಪ್ಪಂದದ ಸಾಲವನ್ನು ಪೂರ್ತಿಯಾಗಿ ನಿಮ್ಮಿಂದಲೇ ವಸೂಲು ಮಾಡಬಹುದು ಎಂದರ್ಥ. ಸಂಸ್ಥೆಯ ನೋಂದಣಿ ಐಚ್ಛಿಕ ಎನ್ನುತ್ತಾರೆ. ಆದರೆ 69ನೇ ಕಲಮು ನೋಂದಣಿಯಾಗದ ಸಂಸ್ಥೆಗೆ ಒಪ್ಪಂದದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು ಬಿಡುವುದಿಲ್ಲ. ಬಿಲ್ಲಿನ ಹಣ ಬಾರದಿದ್ದಾಗ ಈ ಐಚ್ಛಿಕತೆಯ ಬೆಲೆ ತಿಳಿಯುತ್ತದೆ. ತೆರಿಗೆಯಲ್ಲೂ ಹೆಚ್ಚಿನ ಲಾಭವಿಲ್ಲ: ಪಾಲುದಾರಿಕೆ ಸಂಸ್ಥೆ 44ಎಡಿಎ ಬಳಸಬಹುದಾದರೂ, ಆ ಶೇ 50ರಿಂದ ಪಾಲುದಾರರ ಸಂಭಾವನೆಯನ್ನು ಮತ್ತೆ ಕಳೆಯುವಂತಿಲ್ಲ, ಪೂರ್ತಿ ಮೊತ್ತಕ್ಕೆ ಶೇ 30ರ ದರ ಬೀಳುತ್ತದೆ.

ಆದ್ದರಿಂದ ಇಬ್ಬರು ನಿಜವಾಗಿ ಜೊತೆಯಾಗಿ ದುಡಿಯುವುದಾದರೆ ಸಾಂಪ್ರದಾಯಿಕ ಪಾಲುದಾರಿಕೆಗಿಂತ ಎಲ್‌ಎಲ್‌ಪಿಯೇ ಮೇಲು. ಇನ್ನೊಬ್ಬರ ತಪ್ಪು ನಿಮ್ಮ ಆಸ್ತಿಗೆ ತಗಲದು ಎಂಬ 28ನೇ ಕಲಮಿನ ಮಾತು ಇಲ್ಲಿ ಪೂರ್ಣ ಬೆಲೆ ಪಡೆಯುತ್ತದೆ. ಕಾಯ್ದೆಯ ಸಲ್ಲಿಕೆಗಳಿಗೆ ಹೊಣೆ ಹೊರುವ ಕನಿಷ್ಠ ಇಬ್ಬರು ನಿಯೋಜಿತ ಪಾಲುದಾರರಿರಬೇಕು, ಅವರಲ್ಲಿ ಒಬ್ಬರಾದರೂ ವರ್ಷದಲ್ಲಿ 120 ದಿನಕ್ಕೆ ಕಡಿಮೆಯಿಲ್ಲದಂತೆ ಭಾರತದಲ್ಲಿ ಇದ್ದವರಾಗಿರಬೇಕು. ವಹಿವಾಟು ₹40 ಲಕ್ಷವನ್ನಾಗಲಿ, ಪಾಲುದಾರರ ಬಂಡವಾಳ ₹25 ಲಕ್ಷವನ್ನಾಗಲಿ ಮೀರದಿದ್ದರೆ ಎಲ್‌ಎಲ್‌ಪಿ ಕಾಯ್ದೆಯಡಿ ಲೆಕ್ಕಪರಿಶೋಧನೆ ಕಡ್ಡಾಯವಲ್ಲ. ಆದರೆ ಮೇ 30ರೊಳಗೆ ವಾರ್ಷಿಕ ವಿವರದ ನಮೂನೆ 11, ಅಕ್ಟೋಬರ್ 30ರೊಳಗೆ ಲೆಕ್ಕಪತ್ರದ ನಮೂನೆ 8 ಸಲ್ಲಿಸುವುದು ವ್ಯವಹಾರ ನಡೆಯಲಿ ಬಿಡಲಿ ತಪ್ಪದು. 2025ರ ಏಪ್ರಿಲ್‌ನಿಂದ ಪಾಲುದಾರರೊಬ್ಬರಿಗೆ ವರ್ಷಕ್ಕೆ ₹20,000 ಮೀರಿ ಕೊಡುವ ಸಂಭಾವನೆ ಮತ್ತು ಬಡ್ಡಿಯ ಮೇಲೆ ಸಂಸ್ಥೆಯೇ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿಯಬೇಕಾಗಿದೆ ಎಂಬುದೂ ನೆನಪಿರಲಿ.

ಎಲ್‌ಎಲ್‌ಪಿ ಒಪ್ಪಂದವನ್ನು ಸಿದ್ಧ ಮಾದರಿಯಿಂದ ನಕಲು ಮಾಡಿಕೊಳ್ಳಬೇಡಿ. ಯಾರು ಎಷ್ಟು ಗಂಟೆ ದುಡಿಯಬೇಕು, ಒಬ್ಬರು ತಂದ ಗ್ರಾಹಕರು ಬೇರ್ಪಟ್ಟ ಮೇಲೆ ಯಾರಿಗೆ ಸೇರಬೇಕು, ಹೊರಹೋಗುವವರಿಗೆ ಹಣ ಯಾವ ಲೆಕ್ಕದಲ್ಲಿ, ಎಷ್ಟು ದಿನದೊಳಗೆ ಕೊಡಬೇಕು, ಬರೆದ ತಂತ್ರಾಂಶದ ಹಕ್ಕು ಯಾರದ್ದು: ಸಂಬಂಧ ಚೆನ್ನಾಗಿರುವಾಗಲೇ ಇವನ್ನು ಬರೆದಿಟ್ಟುಕೊಳ್ಳಬೇಕು.

ಏಕವ್ಯಕ್ತಿ ಕಂಪನಿ ಮತ್ತು ಪ್ರೈವೇಟ್ ಲಿಮಿಟೆಡ್

2013ರ ಕಂಪನಿಗಳ ಕಾಯ್ದೆ ಒಬ್ಬರೇ ಸದಸ್ಯರಾಗಿರುವ ಕಂಪನಿಗೆ ಅವಕಾಶ ಮಾಡಿಕೊಟ್ಟಿತು. ಸದಸ್ಯರು ಭಾರತೀಯ ಪ್ರಜೆಯಾಗಿರಬೇಕು, ತಮ್ಮ ಮರಣಾನಂತರ ಸದಸ್ಯತ್ವ ವಹಿಸಿಕೊಳ್ಳುವ ನಾಮನಿರ್ದೇಶಿತರೊಬ್ಬರನ್ನು ಅವರ ಲಿಖಿತ ಒಪ್ಪಿಗೆಯೊಂದಿಗೆ ಹೆಸರಿಸಬೇಕು. ಮಾಲೀಕರ ಜೊತೆಗೇ ಮುಗಿದುಹೋಗುವ ಏಕಮಾಲೀಕ ವ್ಯವಹಾರದಲ್ಲಿ ಇಲ್ಲದ ನಿರಂತರತೆ ಇದರಿಂದ ಸಿಗುತ್ತದೆ. ಬಂಡವಾಳ ₹50 ಲಕ್ಷ ಅಥವಾ ವಹಿವಾಟು ₹2 ಕೋಟಿ ಮೀರಿದರೆ ಕಡ್ಡಾಯವಾಗಿ ಬೇರೆ ಬಗೆಯ ಕಂಪನಿಯಾಗಬೇಕೆಂಬ ನಿಯಮವನ್ನು 2021ರಲ್ಲಿ ತೆಗೆದುಹಾಕಿದ್ದರಿಂದ ಬೆಳೆಯುವುದಕ್ಕೂ ಈಗ ಅಡ್ಡಿಯಿಲ್ಲ.

ಆದರೆ ಕಂಪನಿಯ ಶಿಸ್ತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವಹಿವಾಟು ಶೂನ್ಯವಿದ್ದರೂ ಲೆಕ್ಕಪರಿಶೋಧನೆ ಆಗಲೇಬೇಕು. ಹಣಕಾಸು ವಿವರದ ಎಒಸಿ-4, ವಾರ್ಷಿಕ ವಿವರದ ಎಂಜಿಟಿ-7ಎ ನಮೂನೆಗಳು ತಡವಾದರೆ ಪ್ರತಿಯೊಂದಕ್ಕೂ ದಿನಕ್ಕೆ ₹100ರಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಮುಚ್ಚುವುದೂ ಪುಕ್ಕಟೆಯಲ್ಲ, ಹೆಸರು ತೆಗೆಸುವ ಎಸ್‌ಟಿಕೆ-2 ಅರ್ಜಿಗೇ ಸರ್ಕಾರಿ ಶುಲ್ಕ ₹10,000, ಬಾಕಿ ಸಲ್ಲಿಕೆಗಳನ್ನು ಮೊದಲು ತೀರಿಸಬೇಕು.

ಹೊಸಬರಿಗೆ ಹೆಚ್ಚು ಕಷ್ಟವಾಗುವುದು ಹಣದ ವಿಷಯ. ಕಂಪನಿಯ ಖಾತೆಯಲ್ಲಿರುವ ಹಣ, ಎಲ್ಲ ಷೇರುಗಳೂ ನಿಮ್ಮವೇ ಆಗಿದ್ದರೂ, ನಿಮ್ಮದಲ್ಲ. ಅದನ್ನು ಸಂಬಳವಾಗಿ, ಲಾಭಾಂಶವಾಗಿ ಅಥವಾ ಖರ್ಚಿನ ಮರುಪಾವತಿಯಾಗಿ ಮಾತ್ರ ತೆಗೆಯಬಹುದು. ಮನೆಯ ಅಗತ್ಯಕ್ಕೆಂದು ಸಾಲವಾಗಿ ತೆಗೆದುಕೊಂಡರೆ ನಿರ್ದೇಶಕರ ಸಾಲದ ಮೇಲಿನ ನಿರ್ಬಂಧಗಳೂ ಎದುರಾಗುತ್ತವೆ, ತೆರಿಗೆ ಕಾಯ್ದೆ ಆ ಸಾಲವನ್ನೇ ಲಾಭಾಂಶವೆಂದು ಪರಿಗಣಿಸುವ ಸಂಭವವೂ ಇದೆ.

ಹೂಡಿಕೆದಾರರನ್ನು ಸೇರಿಸಿಕೊಳ್ಳುವ, ನೌಕರರಿಗೆ ಷೇರು ಕೊಡುವ ಉದ್ದೇಶ ಸ್ಪಷ್ಟವಾಗಿದ್ದರೆ ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದಲೇ ಆರಂಭಿಸುವುದು ಒಳ್ಳೆಯದು. ಆದರೆ ಆಗ ನೀವು ಗುತ್ತಿಗೆದಾರರಾಗಿ ಅಲ್ಲ, ಉದ್ಯಮಿಯಾಗಿ ಯೋಚಿಸುತ್ತಿದ್ದೀರಿ, ಅದು ಬೇರೆಯದೇ ದಾರಿ. ಕೆಲವು ವೃತ್ತಿಗಳಿಗೆ ಕಂಪನಿಯ ದಾರಿಯೇ ಮುಚ್ಚಿದೆ: ಚಾರ್ಟರ್ಡ್ ಅಕೌಂಟೆಂಟ್ ವೃತ್ತಿಯನ್ನು ಕಂಪನಿಯಾಗಿ ನಡೆಸಲು ಕಾಯ್ದೆ ಬಿಡುವುದಿಲ್ಲ. ನಿಮ್ಮ ವೃತ್ತಿಗೆ ನಿಯಂತ್ರಕ ಪರಿಷತ್ತು ಇದ್ದರೆ ಅದರ ನಿಯಮಗಳನ್ನು ಮೊದಲು ನೋಡಿ.

ಗ್ರಾಹಕರು ಕಂಪನಿಯೇ ಬೇಕೆಂದರೆ

ದೊಡ್ಡ ಸಂಸ್ಥೆಗಳ ಖರೀದಿ ವಿಭಾಗಗಳು ಒಮ್ಮೊಮ್ಮೆ ವ್ಯಕ್ತಿಗಳ ಜೊತೆ ವ್ಯವಹರಿಸುವುದಿಲ್ಲ ಎನ್ನುತ್ತವೆ. ತಕ್ಷಣ ನೋಂದಣಿಗೆ ಓಡದೆ, ಅದಕ್ಕೆ ಕಾರಣವೇನೆಂದು ಕೇಳಿ. ಎಷ್ಟೋ ಸಲ ಅವರಿಗೆ ಬೇಕಿರುವುದು ಜಿಎಸ್‌ಟಿ ಸಂಖ್ಯೆ, ಚಾಲ್ತಿ ಖಾತೆ ಅಥವಾ ವಿಮಾ ಪತ್ರ ಮಾತ್ರ. ಇವೆಲ್ಲವೂ ಏಕಮಾಲೀಕರಿಗೂ ಸಿಗುತ್ತವೆ. ಜಿಎಸ್‌ಟಿಯನ್ನು ಮಿತಿಗಿಂತ ಮೊದಲೇ ಸ್ವಇಚ್ಛೆಯಿಂದ ಪಡೆಯಲು ಅವಕಾಶವಿದೆ. ನಿಜವಾಗಿಯೂ ಕಂಪನಿಯೇ ಬೇಕೆಂದಾದರೆ, ವರ್ಷವಿಡೀ ತಗಲುವ ಪರಿಶೋಧನೆ ಮತ್ತು ಸಲ್ಲಿಕೆಗಳ ಖರ್ಚನ್ನೂ 44ಎಡಿಎ ತಪ್ಪುವುದರಿಂದ ಹೆಚ್ಚುವ ತೆರಿಗೆಯನ್ನೂ ಕೂಡಿಸಿ, ಆ ಒಬ್ಬ ಗ್ರಾಹಕರಿಂದ ಬರುವ ಹಣ ಅದನ್ನು ಹೊರಬಲ್ಲದೇ ಎಂದು ನೋಡಿ ದರ ನಿಗದಿಪಡಿಸಿ.

ಟಿಡಿಎಸ್ ಲೆಕ್ಕವನ್ನೂ ಆಗಲೇ ಕೇಳಿಟ್ಟುಕೊಳ್ಳಿ. ವೃತ್ತಿಪರ ಶುಲ್ಕವೆಂದು ಪರಿಗಣಿಸಿದರೆ ಶೇ 10, ತಾಂತ್ರಿಕ ಸೇವೆಯೆಂದರೆ ಶೇ 2, ಗುತ್ತಿಗೆ ಕೆಲಸವೆಂದರೆ ವ್ಯಕ್ತಿಗೆ ಶೇ 1, ಕಂಪನಿಗೆ ಮತ್ತು ಎಲ್‌ಎಲ್‌ಪಿಗೆ ಶೇ 2 ಕಡಿತವಾಗುತ್ತದೆ. ಕೊನೆಯಲ್ಲಿ ಇದು ತೆರಿಗೆಗೆ ಹೊಂದಿಕೆಯಾಗುವ ಹಣವೇ ಆದರೂ, ಮೊದಲ ವರ್ಷದಲ್ಲಿ ಕೈಯಲ್ಲಿ ಎಷ್ಟು ಓಡಾಡುತ್ತದೆ ಎಂಬುದನ್ನು ಇದೇ ನಿರ್ಧರಿಸುತ್ತದೆ.

ಸ್ವರೂಪ ಯಾವುದೇ ಇರಲಿ, ಉದ್ಯಮ್ ನೋಂದಣಿಯನ್ನು ಮೊದಲ ಒಪ್ಪಂದಕ್ಕಿಂತ ಮುಂಚೆಯೇ ಮಾಡಿಸಿಕೊಳ್ಳಿ. ಸರ್ಕಾರಿ ಜಾಲತಾಣದಲ್ಲಿ ಆಧಾರ್ ಮೂಲಕ ಉಚಿತವಾಗಿ ಆಗುವ ಕೆಲಸ ಇದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ತಡಮಾಡುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ ಮಾತ್ರ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಸೇರುತ್ತದೆ. ಗಡುವು ದಾಟಿ ಉಳಿಸಿಕೊಂಡ ಬಾಕಿಯನ್ನು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬೇಕೆಂಬ 43ಬಿ(ಎಚ್) ನಿಯಮ ಬಂದ ಮೇಲೆ ಗ್ರಾಹಕರ ಲೆಕ್ಕ ವಿಭಾಗಗಳೂ ಈ ಗಡುವನ್ನು ಗಮನಿಸುತ್ತಿವೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ.

ಮುಂದೆ ಸ್ವರೂಪ ಬದಲಾಯಿಸುವಾಗ

ಏಕಮಾಲೀಕರಾಗಿ ಆರಂಭಿಸಿ ಆಮೇಲೆ ಕಂಪನಿ ಮಾಡಿಕೊಳ್ಳುವುದು ಸಾಧ್ಯವೆಂಬ ಧೈರ್ಯದಿಂದಲೇ ಮೇಲಿನ ಸಲಹೆಗಳನ್ನು ಕೊಟ್ಟಿದ್ದೇನೆ, ಆದರೆ ಆ ಬದಲಾವಣೆ ತಾನಾಗಿ ಆಗುವುದಿಲ್ಲ. ಹೊಸ ಕಂಪನಿಗೆ ಹೊಸ ಪ್ಯಾನ್, ಹೊಸ ಖಾತೆ, ಹೊಸ ಜಿಎಸ್‌ಟಿ ಸಂಖ್ಯೆ ಬೇಕು. ಹಳೆಯ ಸಂಖ್ಯೆಯಲ್ಲಿ ಉಳಿದ ಹೂಡುವಳಿ ತೆರಿಗೆಯ ಜಮೆಯನ್ನು, ಅಂದರೆ ಖರೀದಿಗಳ ಮೇಲೆ ಕಟ್ಟಿ ಮುಂದೆ ಹೊಂದಿಸಿಕೊಳ್ಳಬಹುದಾದ ತೆರಿಗೆಯನ್ನು, ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಆಸ್ತಿಗಳನ್ನು ಕಂಪನಿಗೆ ಒಯ್ಯುವಾಗ ಬಂಡವಾಳ ಲಾಭದ ತೆರಿಗೆ ಬೀಳದಿರಲು ನಿಯಮಗಳಿವೆ. ಎಲ್ಲ ಆಸ್ತಿ ಮತ್ತು ಸಾಲಗಳೂ ವರ್ಗಾವಣೆಯಾಗಿ, ಪ್ರತಿಫಲ ಷೇರುಗಳ ರೂಪದಲ್ಲಷ್ಟೇ ಬಂದು, ನೀವು ಶೇ 50ಕ್ಕೆ ಕಡಿಮೆಯಿಲ್ಲದ ಮತಾಧಿಕಾರವನ್ನು ಐದು ವರ್ಷ ಉಳಿಸಿಕೊಳ್ಳಬೇಕು. ಏಕಮಾಲೀಕ ವ್ಯವಹಾರದಿಂದ ಎಲ್‌ಎಲ್‌ಪಿಗೆ ಹೋಗುವವರಿಗೆ ಈ ವಿನಾಯಿತಿ ಇಲ್ಲ.

ಒಪ್ಪಂದಗಳ ವರ್ಗಾವಣೆ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ. ನಿಮ್ಮ ವೈಯಕ್ತಿಕ ಕೌಶಲವನ್ನು ನಂಬಿ ಮಾಡಿಕೊಂಡ ಒಪ್ಪಂದವನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ಕಂಪನಿಯ ಹೆಸರಿಗೆ ಬದಲಾಯಿಸುವಂತಿಲ್ಲ. ಹಳೆಯ ಒಪ್ಪಂದ ಯಾವ ದಿನಾಂಕಕ್ಕೆ ಮುಗಿಯುತ್ತದೆ, ಆ ದಿನದವರೆಗಿನ ಕೆಲಸದ ಹೊಣೆ ಮತ್ತು ಬಾಕಿ ಯಾರದ್ದು, ಹೊಸ ಒಪ್ಪಂದ ಯಾವಾಗಿನಿಂದ ಕಂಪನಿಯ ಹೆಸರಿನಲ್ಲಿ ನಡೆಯುತ್ತದೆ ಎಂಬುದನ್ನು ನೀವು, ಗ್ರಾಹಕರು, ಹೊಸ ಕಂಪನಿ ಹೀಗೆ ಮೂವರೂ ಸಹಿ ಹಾಕಿದ ಪತ್ರದಲ್ಲಿ ಬರೆಸಿಕೊಳ್ಳಬೇಕು. ಸಾಧ್ಯವಾದರೆ ಬದಲಾವಣೆಯ ದಿನವನ್ನು ಏಪ್ರಿಲ್ 1ಕ್ಕೆ ಹೊಂದಿಸಿಕೊಳ್ಳಿ, ಆಗ ಒಂದೇ ವರ್ಷದ ಆದಾಯವನ್ನು ಎರಡು ಪ್ಯಾನ್‌ಗಳ ನಡುವೆ ಹಂಚಿ ತೋರಿಸುವ ತೊಡಕು ಇರುವುದಿಲ್ಲ. ಮುಂದೊಂದು ದಿನ ಸ್ವರೂಪ ಬದಲಾಯಿಸುವ ಯೋಚನೆ ಈಗಲೇ ಇದ್ದರೆ, ಇಂದಿನ ಒಪ್ಪಂದದಲ್ಲೇ ‘ಗುತ್ತಿಗೆದಾರರು ತಮ್ಮ ನಿಯಂತ್ರಣದಲ್ಲಿರುವ ಸಂಸ್ಥೆಗೆ ಲಿಖಿತ ಸೂಚನೆ ನೀಡಿ ಈ ಒಪ್ಪಂದವನ್ನು ವರ್ಗಾಯಿಸಬಹುದು’ ಎಂಬ ಷರತ್ತನ್ನು ಸೇರಿಸಲು ಕೇಳಿ. ಬಹಳ ಗ್ರಾಹಕರು ಇದಕ್ಕೆ ತಕರಾರು ಮಾಡುವುದಿಲ್ಲ.